ಕಡತ ಯಾರ ಮೇಜಿನ ಮೇಲಿದೆ? ಆಮದು–ರಫ್ತು ಪರವಾನಗಿ ತಡವಾದಾಗ ಆರ್‌ಟಿಐ

ವಿದೇಶ ವ್ಯಾಪಾರದ ಪರವಾನಗಿ, ಅನುಮತಿ, ನೋಂದಣಿಗಳು ತಿಂಗಳುಗಟ್ಟಲೆ ಬಾಕಿ ಉಳಿದಾಗ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸುವುದು ಹೇಗೆಂದು ಹಲವು ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗ ತಯಾರಿಸಿ ರಫ್ತು ಮಾಡುವ ಸಣ್ಣ ಘಟಕ. ನಮ್ಮ ಉತ್ಪನ್ನಕ್ಕೆ ನಿಗದಿತ ಕಚ್ಚಾವಸ್ತು ಪ್ರಮಾಣ ಇಲ್ಲದ್ದರಿಂದ ಸ್ವಯಂಘೋಷಣೆಯ ಮೇಲೆ ಅಡ್ವಾನ್ಸ್ ಆಥರೈಸೇಷನ್ (ರಫ್ತು ಸಾಮಾನಿಗೆ ಬೇಕಾದ ಕಚ್ಚಾವಸ್ತುವನ್ನು ಸುಂಕವಿಲ್ಲದೆ ತರಿಸುವ ಅನುಮತಿ) ಪಡೆದೆವು. ನಾರ್ಮ್ಸ್ ಕಮಿಟಿ ಪ್ರಮಾಣ ನಿಗದಿ ಮಾಡುವುದು ಏಳು ತಿಂಗಳಿಂದ ಬಾಕಿ ಇದೆ. ಆರ್‌ಟಿಐ ಹಾಕಿ ‘ಇಷ್ಟು ತಡವೇಕೆ, ಯಾವಾಗ ಮುಗಿಯುತ್ತದೆ, ಯಾರು ಹೊಣೆ’ ಎಂದು ಕೇಳಿದೆವು. ‘ಇದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಮುಂದೇನು? — ಪೀಣ್ಯದ ಓದುಗರು

ಉತ್ತರ: ಉತ್ತರ ಒರಟಾಗಿದೆ. ಆದರೆ ಕಾನೂನಿನ ಪ್ರಕಾರ ತಪ್ಪೆನ್ನಲು ಬರುವುದಿಲ್ಲ. ಕಾಯ್ದೆಯ ಕಲಂ 2(ಎಫ್) ಪ್ರಕಾರ ಮಾಹಿತಿ ಎಂದರೆ ಕಚೇರಿಯ ಬಳಿ ದಾಖಲೆಯ ರೂಪದಲ್ಲಿ ಆಗಲೇ ಇರುವ ಸಾಮಗ್ರಿ: ಕಡತ, ಟಿಪ್ಪಣಿ, ಪತ್ರ, ಆದೇಶ, ಸುತ್ತೋಲೆ, ಇ–ಮೇಲ್. ಕಡತದಲ್ಲಿ ಇಲ್ಲದ ಕಾರಣವನ್ನು ಅಧಿಕಾರಿ ಕೂತು ಬರೆದುಕೊಡಬೇಕಿಲ್ಲ, ಅಭಿಪ್ರಾಯ ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಏಕೆ’ ಮತ್ತು ‘ಯಾವಾಗ’ ಎಂದು ಶುರುವಾಗುವ ಪ್ರಶ್ನೆಗಳೆಲ್ಲ ಈ ಗೋಡೆಗೆ ಬಡಿಯುತ್ತವೆ. ಅದೇ ವಿಷಯವನ್ನು ದಾಖಲೆಯ ಪ್ರತಿ ಎಂದು ಕೇಳಿದರೆ ಗೋಡೆ ಅಡ್ಡ ಬರುವುದಿಲ್ಲ. ತಡದ ಕಾರಣ ಸಾಮಾನ್ಯವಾಗಿ ಟಿಪ್ಪಣಿ ಹಾಳೆಯಲ್ಲಿ ಇರುತ್ತದೆ. ಅಲ್ಲಿ ಏನೂ ಬರೆದಿಲ್ಲವಾದರೆ ಆ ಖಾಲಿ ಹಾಳೆಯೇ ನಿಮ್ಮ ಸಾಕ್ಷ್ಯ.

ಹೊಸ ಅರ್ಜಿಯನ್ನು ಹೀಗೆ ಬರೆಯಿರಿ:

‘ಕಡತ ಸಂಖ್ಯೆ ____, ದಿನಾಂಕ ____ರ ನನ್ನ ಅರ್ಜಿಗೆ ಸಂಬಂಧಿಸಿದಂತೆ ಕೆಳಗಿನವುಗಳ ದೃಢೀಕೃತ ಪ್ರತಿ ಕೊಡಿ.
1. ಅರ್ಜಿ ಸ್ವೀಕರಿಸಿದ ದಿನದಿಂದ ಈ ಮಾಹಿತಿ ಅರ್ಜಿ ತಲುಪಿದ ದಿನದವರೆಗಿನ ಎಲ್ಲ ಟಿಪ್ಪಣಿ ಹಾಳೆಗಳು.
2. ಕಡತ ಚಲನೆಯ ವಿವರ: ಯಾವ ಹುದ್ದೆಯ ಅಧಿಕಾರಿಗೆ ಯಾವ ದಿನ ತಲುಪಿತು, ಯಾವ ದಿನ ಮುಂದೆ ಹೋಯಿತು.
3. ಈ ಕಡತದ ಬಗ್ಗೆ ಬೇರೆ ಸಚಿವಾಲಯ, ಇಲಾಖೆ ಅಥವಾ ತಾಂತ್ರಿಕ ಪ್ರಾಧಿಕಾರಕ್ಕೆ ಬರೆದ ಪತ್ರಗಳು, ಬಂದ ಉತ್ತರಗಳು, ಕಳಿಸಿದ ಜ್ಞಾಪನಗಳು.
4. ಈ ಕಡತವನ್ನು ಮಂಡಿಸಿದ ಸಭೆಗಳ ಕಾರ್ಯಸೂಚಿ ಮತ್ತು ನಡಾವಳಿಯ ಸಂಬಂಧಿತ ಭಾಗ.
5. ಈ ಬಗೆಯ ಅರ್ಜಿಗಳ ವಿಲೇವಾರಿಗೆ ಕಾಲಮಿತಿ ಗೊತ್ತುಪಡಿಸಿದ ನಾಗರಿಕ ಸನ್ನದು ಅಥವಾ ಸುತ್ತೋಲೆ.
6. ಈ ಕಡತವನ್ನು ನಿರ್ವಹಿಸುವ ವಿಭಾಗದ ಕಾರ್ಯಹಂಚಿಕೆ ಆದೇಶ.
ಕಲಂ 2(ಜೆ) ಅಡಿ ಕಡತವನ್ನು ಪರಿಶೀಲಿಸಲು ದಿನಾಂಕ ಮತ್ತು ಸಮಯವನ್ನೂ ತಿಳಿಸಿ.’

ಇಷ್ಟು ಸಾಕು. ‘ಯಾರು ಹೊಣೆ’ ಎಂದು ನೀವು ಕೇಳಿದ್ದಕ್ಕೆ ಎರಡನೆಯ ಮತ್ತು ಆರನೆಯ ಅಂಶಗಳನ್ನು ಜೊತೆಗಿಟ್ಟು ಓದಿದರೆ ಉತ್ತರ ತಾನಾಗಿ ಸಿಗುತ್ತದೆ. ಮೂರನೆಯ ಅಂಶವನ್ನು ಕೈಬಿಡಬೇಡಿ. ಇಂಥ ಕಡತಗಳು ಬೇರೆ ಇಲಾಖೆಯ ತಾಂತ್ರಿಕ ಅಭಿಪ್ರಾಯಕ್ಕಾಗಿ ಹೊರಗೆ ಹೋಗಿ ಅಲ್ಲಿಯೇ ಉಳಿಯುವುದು ಬಹಳ. ಆಗ ನೀವು ಒತ್ತಡ ಹೇರಬೇಕಾದ ಕಚೇರಿಯೇ ಬೇರೆ.

ಇನ್ನೊಂದು ತೊಡಕು ನಿಮ್ಮ ಮೊದಲ ಅರ್ಜಿಯಲ್ಲೇ ಇದ್ದಿರಬಹುದು. ಆಥರೈಸೇಷನ್ ಕೊಟ್ಟದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿಯ, ಪ್ರಾದೇಶಿಕ ಪ್ರಾಧಿಕಾರ. ನಾರ್ಮ್ಸ್ ಕಮಿಟಿಯ ಟಿಪ್ಪಣಿಗಳು ಇರುವುದು ದೆಹಲಿಯ ಪ್ರಧಾನ ಕಚೇರಿಯಲ್ಲಿ. ಬೆಂಗಳೂರಿನ ಮಾಹಿತಿ ಅಧಿಕಾರಿಗೆ ಕೇಳಿದರೆ ತನ್ನ ಬಳಿ ಇರುವ ರವಾನೆ ಪತ್ರದ ಪ್ರತಿ ಕೊಟ್ಟು ಕೈತೊಳೆದುಕೊಳ್ಳಬಹುದು. ಒಂದರಿಂದ ನಾಲ್ಕರವರೆಗಿನ ಅಂಶಗಳಿಗೆ ಪ್ರಧಾನ ಕಚೇರಿಯ ನಾರ್ಮ್ಸ್ ಕಮಿಟಿ ವಿಭಾಗವನ್ನೇ ಹೆಸರಿಸಿ. ಅದಕ್ಕೂ ಮುಂಚೆ ಡಿಜಿಎಫ್‌ಟಿ ಜಾಲತಾಣದಲ್ಲಿ ಪ್ರಕಟವಾಗುವ ಕಮಿಟಿ ನಡಾವಳಿಗಳಲ್ಲಿ ನಿಮ್ಮ ಕಡತ ಸಂಖ್ಯೆ ಹುಡುಕಿ. ‘ಹೆಚ್ಚಿನ ವಿವರ ಕೇಳಲು ಮುಂದೂಡಲಾಗಿದೆ’ ಎಂಬ ಸಾಲು ಅಲ್ಲಿಯೇ ಸಿಕ್ಕರೆ ಆರ್‌ಟಿಐ ಬೇಕಾಗುವುದೇ ಇಲ್ಲ.

ಇದರ ಜೊತೆಗೇ ಹೇಳಬೇಕಾದ ಮಾತೊಂದಿದೆ. ಆರ್‌ಟಿಐ ಹಾಕುವ ಮುಂಚೆ ಪೋರ್ಟಲ್‌ನ ಡ್ಯಾಶ್‌ಬೋರ್ಡ್, ನೋಂದಾಯಿತ ಇ–ಮೇಲ್, ಅದರ ಸ್ಪ್ಯಾಮ್ ಪೆಟ್ಟಿಗೆ ಎಲ್ಲವನ್ನೂ ಕೂಲಂಕಷವಾಗಿ ನೋಡಿ. ಐಇಸಿಯಲ್ಲಿ, ಅಂದರೆ ಆಮದು–ರಫ್ತು ಮಾಡುವವರಿಗೆ ಡಿಜಿಎಫ್‌ಟಿ ಕೊಡುವ ಸಂಕೇತ ಸಂಖ್ಯೆಯ ದಾಖಲೆಯಲ್ಲಿ, ನಮೂದಾದ ಇ–ಮೇಲ್ ಹಳೆಯ ಗುಮಾಸ್ತರದ್ದೋ ಸಲಹೆಗಾರರದ್ದೋ ಆಗಿದ್ದರೆ ನ್ಯೂನತಾ ಪತ್ರ ಅಲ್ಲಿಗೇ ಹೋಗಿ ಕೂತಿರುತ್ತದೆ. ಕಚೇರಿಯ ಲೆಕ್ಕದಲ್ಲಿ ಆಗ ತಡ ಮಾಡುತ್ತಿರುವವರು ನೀವು. ಐಇಸಿಯ ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಘಟಕದ ಹೆಸರು ಡಿನೈಡ್ ಎಂಟಿಟಿ ಪಟ್ಟಿಗೆ, ಅಂದರೆ ಪರವಾನಗಿ ತಡೆಹಿಡಿಯಲಾದವರ ಪಟ್ಟಿಗೆ, ಸೇರಿದ್ದರೂ ಹೊಸ ಪರವಾನಗಿ ಹೊರಡುವುದಿಲ್ಲ. ಹಳೆಯ ಆಥರೈಸೇಷನ್‌ನ ರಫ್ತು ಬಾಧ್ಯತೆ ತೀರಿಸಿದ ದಾಖಲೆ ಸಲ್ಲಿಸದೇ ಇರುವುದು ಆ ಪಟ್ಟಿಗೆ ಬೀಳುವ ಸಾಮಾನ್ಯ ದಾರಿ.

ಪ್ರಶ್ನೆ: ಬ್ಲೂಟೂತ್ ಇರುವ ರಕ್ತದೊತ್ತಡ ಮಾಪಕ ತರಿಸಲು ಹೊರಟಿದ್ದೇನೆ. ಹಲವು ಕಡೆ ಅನುಮತಿ ಬೇಕು. ಎಲ್ಲಿ ತಡ ಎಂದೇ ತಿಳಿಯುತ್ತಿಲ್ಲ. ಎಲ್ಲಕ್ಕೂ ಸೇರಿಸಿ ವಾಣಿಜ್ಯ ಸಚಿವಾಲಯಕ್ಕೆ ಒಂದೇ ಆರ್‌ಟಿಐ ಹಾಕಬಹುದೇ? — ಹುಬ್ಬಳ್ಳಿಯ ಆಮದುದಾರರು

ಉತ್ತರ: ಹಾಕಬಹುದು, ಆದರೆ ದಿನ ಕಳೆದುಕೊಳ್ಳುತ್ತೀರಿ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಕಲಂ 6(3)ರ ಪ್ರಕಾರ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು ನಿಜ. ಆದರೆ 30 ದಿನದ ಲೆಕ್ಕ ಶುರುವಾಗುವುದು ಆ ಎರಡನೆಯ ಕಚೇರಿಗೆ ತಲುಪಿದ ಮೇಲೆ. ವರ್ಗಾವಣೆಯೇ ಕೆಲವೊಮ್ಮೆ ಮೂರು ವಾರ ತೆಗೆದುಕೊಳ್ಳುತ್ತದೆ. ನಾಲ್ಕು ಕಚೇರಿಗಳ ವಿಷಯ ಒಂದೇ ಹಾಳೆಯಲ್ಲಿದ್ದರೆ ನಾಲ್ಕು ತುಂಡಾಗಿ ಹೋಗಿ, ಯಾವ ತುಂಡಿನ ಗಡುವು ಯಾವಾಗ ಮುಗಿಯುತ್ತದೆಂದು ನಿಮಗೇ ತಿಳಿಯದಂತಾಗುತ್ತದೆ. ಕಚೇರಿಗೊಂದು ಅರ್ಜಿ, ಅರ್ಜಿಗೊಂದು 10 ರೂಪಾಯಿ. ಇದರಲ್ಲಿ ಉಳಿತಾಯ ನೋಡಬೇಡಿ.

ನಿಮ್ಮ ಸಾಮಾನಿನ ಮಟ್ಟಿಗೆ: ವೈದ್ಯಕೀಯ ಸಾಧನದ ಆಮದು ಪರವಾನಗಿ, ಅಂದರೆ ಎಂಡಿ–14 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ–15ರಲ್ಲಿ ಪಡೆಯುವುದು, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯದ್ದು. ಬ್ಲೂಟೂತ್ ಭಾಗದ ಇಟಿಎ, ಅಂದರೆ ನಿಸ್ತಂತು ಉಪಕರಣದ ಮಾದರಿಗೆ ಕೊಡುವ ಅನುಮೋದನೆ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಸಾಮಾನು ಯಾವುದಾದರೂ ಗುಣಮಟ್ಟ ನಿಯಂತ್ರಣ ಆದೇಶಕ್ಕೆ ಒಳಪಟ್ಟರೆ ಭಾರತೀಯ ಮಾನಕ ಬ್ಯೂರೋ. ಮಾರಾಟಕ್ಕೆ ಬೇಕಾದ ಎಂಡಿ–42 ನೋಂದಣಿ ರಾಜ್ಯದ ಪರವಾನಗಿ ಪ್ರಾಧಿಕಾರದ್ದು. ಕೊನೆಯದಕ್ಕೆ ಕರ್ನಾಟಕದ ಆರ್‌ಟಿಐ ನಿಯಮ ಅನ್ವಯಿಸುತ್ತದೆ. ಅಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಕೇಂದ್ರದ 2012ರ ನಿಯಮಗಳಲ್ಲಿ ಮಿತಿ 500 ಪದ. 500 ದಾಟಿತೆಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ ರಾಜ್ಯದ ಕಚೇರಿಗೆ ಅರ್ಜಿ ಹಾಕಿದರೆ ಹಣ ಕಡಿತವಾಗಿ ಅರ್ಜಿ ಹಿಂದಿರುಗುತ್ತದೆ. ಕರ್ನಾಟಕಕ್ಕೆ ಬೇರೆಯೇ ಪೋರ್ಟಲ್ ಇದೆ.

ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಬೀಜ ಮತ್ತು ಸಸ್ಯವಾದರೆ ಕೃಷಿ ಸಚಿವಾಲಯದ ಸಸ್ಯ ಸಂಗರೋಧ ವಿಭಾಗ, ನಿರ್ಬಂಧಿತ ಪಟ್ಟಿಯ ಸಾಮಾನಾದರೆ ಡಿಜಿಎಫ್‌ಟಿ ಪ್ರಧಾನ ಕಚೇರಿಯ ಎಕ್ಸಿಮ್ ಫೆಸಿಲಿಟೇಶನ್ ಕಮಿಟಿ.

ಪ್ರಶ್ನೆ: ಕಂಪನಿಯ ಲೆಟರ್‌ಹೆಡ್‌ನಲ್ಲಿ ಕಳಿಸಿದ ಆರ್‌ಟಿಐ ಅರ್ಜಿಯನ್ನು ‘ಅರ್ಜಿದಾರರು ನಾಗರಿಕರಲ್ಲ’ ಎಂದು ಮರಳಿಸಿದ್ದಾರೆ. ನಮ್ಮ ಕಸ್ಟಮ್ಸ್ ಬ್ರೋಕರ್ ಮೂಲಕ ಹಾಕಿಸಬಹುದೇ? — ಮೈಸೂರಿನ ರಫ್ತುದಾರರು

ಉತ್ತರ: ಬ್ರೋಕರ್ ಬೇಡ. ಕಲಂ 3 ಈ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ, ಕಂಪನಿಗೆ ಕೊಟ್ಟಿಲ್ಲ. ಆದ್ದರಿಂದ ನಿರ್ದೇಶಕರು ಅಥವಾ ಪಾಲುದಾರರು ಬಿಳಿ ಹಾಳೆಯಲ್ಲಿ, ತಮ್ಮ ಹೆಸರಲ್ಲಿ, ‘ನಾನು ಭಾರತದ ನಾಗರಿಕ’ ಎಂದು ಬರೆದು ಸಹಿ ಹಾಕಲಿ. ಅದರ ಕೆಳಗೆ ‘ಮೇಲಿನ ಕಡತ ನಾನು ನಿರ್ದೇಶಕನಾಗಿರುವ ಸಂಸ್ಥೆಯದ್ದು’ ಎಂದು ಒಂದು ಸಾಲು ಸೇರಿಸಿ, ಐಇಸಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಯಾವ ಕಾರಣಕ್ಕೆ ಮಾಹಿತಿ ಬೇಕೆಂದು ಹೇಳುವ ಅಗತ್ಯ ಕಲಂ 6(2)ರ ಪ್ರಕಾರ ಇಲ್ಲ. ಆದರೆ ಕಡತ ನಿಮ್ಮದೇ ಎಂದು ತೋರಿಸಿದರೆ ಮೂರನೆಯವರ ಮಾಹಿತಿ ಎಂಬ ತಕರಾರು ಮೊದಲ ಹಂತದಲ್ಲೇ ನಿಲ್ಲುತ್ತದೆ. ಬ್ರೋಕರ್ ಹೆಸರಲ್ಲಿ ಹಾಕಿದರೆ ಆಗುವುದು ಇದರ ಉಲ್ಟಾ. ನಿಮ್ಮ ಕಡತವೇ ಅವರ ಪಾಲಿಗೆ ಮೂರನೆಯವರದ್ದಾಗಿ, ಮಾಹಿತಿ ಕೊಡಬಹುದೇ ಎಂದು ಮೂರನೆಯವರನ್ನು ಕೇಳುವ ಕಲಂ 11ರ ನೋಟಿಸು ನಿಮ್ಮ ಮನೆಗೇ ಬಂದು, 30 ದಿನದ ಕೆಲಸ 40 ದಿನಕ್ಕೆ ಎಳೆಯುತ್ತದೆ.

ಅರ್ಜಿಯ ಜೊತೆ ಇನ್ವಾಯ್ಸ್, ಖರೀದಿದಾರರ ಹೆಸರು, ಬೆಲೆ, ತಯಾರಿಕೆಯ ಸೂತ್ರ ಇವನ್ನು ಲಗತ್ತಿಸಲೇಬೇಡಿ. ಆರ್‌ಟಿಐ ಅರ್ಜಿ ಮತ್ತು ಉತ್ತರಗಳನ್ನು ಜಾಲತಾಣದಲ್ಲಿ ಹಾಕುವ ಕಚೇರಿಗಳಿವೆ. ಕಡತ ಸಂಖ್ಯೆ, ದಿನಾಂಕ ಇದ್ದರೆ ಕಡತ ಹುಡುಕಲು ಸಾಕು.

ಪ್ರಶ್ನೆ: ಕನ್ನಡದಲ್ಲಿ ಬರೆದರೆ ಕೇಂದ್ರ ಕಚೇರಿಗಳು ಒಪ್ಪುತ್ತವೆಯೇ? ಹಣ ಕಟ್ಟುವುದು ಹೇಗೆ? — ಚಿಕ್ಕಮಗಳೂರಿನ ಕಾಫಿ ಬೆಳೆಗಾರರು

ಉತ್ತರ: ಒಪ್ಪಬೇಕು. ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆ ಎಂದು ಕಲಂ 6(1) ಹೇಳುತ್ತದೆ. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಗೆ ರಫ್ತು ನೋಂದಣಿಯ ಬಗ್ಗೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ದೆಹಲಿಗೆ ಹೋಗುವ ಅರ್ಜಿಯಾದರೆ ಕಡತ ಸಂಖ್ಯೆ ಮತ್ತು ಬೇಕಾದ ದಾಖಲೆಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಕೊಡುವುದು ಮೇಲು. ಅನುವಾದದ ನೆಪದಲ್ಲಿ ವಾರಗಳು ಹೋಗುವುದಿಲ್ಲ.

ಶುಲ್ಕ 10 ರೂಪಾಯಿ. ಆನ್‌ಲೈನ್, ನಗದು, ಡಿಡಿ, ಬ್ಯಾಂಕರ್ಸ್ ಚೆಕ್ ಅಥವಾ ಪೋಸ್ಟಲ್ ಆರ್ಡರ್. ಪೋಸ್ಟಲ್ ಆರ್ಡರನ್ನು ಆ ಕಚೇರಿಯ ಅಕೌಂಟ್ಸ್ ಆಫೀಸರ್ ಹೆಸರಿಗೆ ಬರೆಯಿರಿ. ಕೋರ್ಟ್ ಫೀ ಸ್ಟ್ಯಾಂಪ್ ಕೇಂದ್ರದ ನಿಯಮದಲ್ಲಿ ಇಲ್ಲ, ಅಂಟಿಸಿದರೆ ಅರ್ಜಿ ಮರಳಿ ಬರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಪುರಾವೆ ಲಗತ್ತಿಸಿದರೆ ಶುಲ್ಕವಿಲ್ಲ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಪ್ರತಿಯ ಹಣ ಕಟ್ಟುವಂತೆ ಪತ್ರ ಬಂದ ದಿನವೇ ಕಟ್ಟಿಬಿಡಿ. ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ 30 ದಿನದ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮ ನಂತರ ಅರ್ಜಿ ಹಾಕಿದವರಿಗೆ ಪರವಾನಗಿ ಸಿಕ್ಕಿದೆ. ಅವರ ಕಡತದ ಪ್ರತಿ ಕೇಳಿದ್ದಕ್ಕೆ 8(1)(ಡಿ) ಎಂದೂ, ನಮ್ಮದೇ ಕಡತದ ಪ್ರತಿ ಕೇಳಿದ್ದಕ್ಕೆ ‘ವಿಚಾರಣೆಯಲ್ಲಿದೆ’ ಎಂದು 8(1)(ಎಚ್) ಎಂದೂ ನಿರಾಕರಿಸಿದ್ದಾರೆ. — ಮಂಗಳೂರಿನ ಓದುಗರು

ಉತ್ತರ: ಎರಡು ನಿರಾಕರಣೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯದರಲ್ಲಿ ಅವರ ಮಾತಿಗೆ ತೂಕವಿದೆ. ಇನ್ನೊಬ್ಬ ವ್ಯಾಪಾರಿಯ ಪೂರೈಕೆದಾರ, ಬೆಲೆ, ತಾಂತ್ರಿಕ ವಿವರಗಳು ವಾಣಿಜ್ಯ ಗುಟ್ಟು. ನಿಮ್ಮದನ್ನು ಅವರು ಕೇಳಿದ್ದರೆ ನೀವೂ ಒಪ್ಪುತ್ತಿರಲಿಲ್ಲ. ನಿಮಗೆ ನಿಜಕ್ಕೂ ಬೇಕಿರುವುದು ಸರದಿ ತಪ್ಪಿದೆಯೇ ಎಂಬುದು. ಅದಕ್ಕೆ ಹೆಸರು ಬೇಡ. ‘ಈ ವರ್ಗದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಬಂದ ಅರ್ಜಿಗಳ ಸ್ವೀಕೃತಿ ದಿನಾಂಕ ಮತ್ತು ವಿಲೇವಾರಿ ದಿನಾಂಕ ಇರುವ ರಿಜಿಸ್ಟರ್ ಅಥವಾ ಗಣಕ ಪಟ್ಟಿಯ ಪ್ರತಿ, ಹೆಸರುಗಳನ್ನು ಮರೆಮಾಡಿ, ಕಲಂ 10ರ ಅಡಿ’ ಎಂದು ಕೇಳಿ. ಮೂರು ತಿಂಗಳ ಅವಧಿ ಸಾಕು. ಐದು ವರ್ಷದ್ದು ಕೇಳಿದರೆ ಕಚೇರಿಯ ಸಂಪನ್ಮೂಲದ ಮೇಲೆ ಹೊರೆ ಎಂದು ಕಲಂ 7(9) ತೋರಿಸುತ್ತಾರೆ.

ಎರಡನೆಯದು ದುರ್ಬಲ ನಿರಾಕರಣೆ. 8(1)(ಎಚ್) ಹೇಳುವುದು ತನಿಖೆಗೆ, ಅಪರಾಧಿಗಳ ಬಂಧನಕ್ಕೆ ಅಥವಾ ವಿಚಾರಣೆಗೆ ಅಡ್ಡಿಯಾಗುವ ಮಾಹಿತಿಯ ಬಗ್ಗೆ. ಅರ್ಜಿ ಪರಿಶೀಲನೆಯಲ್ಲಿ ಇರುವುದು ತನಿಖೆಯಲ್ಲ. ತನಿಖೆ ನಡೆಯುತ್ತಿದ್ದರೂ ಅದರ ಇರುವಿಕೆಯಷ್ಟೇ ಸಾಲದು, ಮಾಹಿತಿ ಹೊರಬಿದ್ದರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ತೀರ್ಪನ್ನು ಹೆಸರಿಸಿ. ನಿರಾಕರಿಸುವಾಗ ಕಾರಣ, ಮೇಲ್ಮನವಿಯ ಗಡುವು, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ಕೊಡಬೇಕೆಂದು ಕಲಂ 7(8) ಹೇಳುತ್ತದೆ. ಬರಿಯ ಕಲಂ ಸಂಖ್ಯೆ ಬರೆದರೆ ಅದು ಕಾರಣ ಆಗುವುದಿಲ್ಲ.

ಒಂದು ಎಚ್ಚರಿಕೆ: ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದರೆ ಡಿಆರ್‌ಐ, ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಅಲ್ಲಿಂದ ಮಾಹಿತಿ ಬರುವುದಿಲ್ಲ. ಡಿಆರ್‌ಐ ಎಚ್ಚರಿಕೆಯ ಮೇಲೆ ನಿಮ್ಮ ಕಡತ ನಿಂತಿದ್ದರೆ ಆರ್‌ಟಿಐ ಹಾದಿ ಬಿಟ್ಟು ವಕೀಲರನ್ನು ಕಾಣಿ.

ಪ್ರಶ್ನೆ: ಸ್ಕೋಮೆಟ್ ಪಟ್ಟಿಯ (ನಾಗರಿಕ ಮತ್ತು ಸೇನಾ ಬಳಕೆ ಎರಡಕ್ಕೂ ಒದಗಬಲ್ಲ ಸೂಕ್ಷ್ಮ ಸಾಮಾನು, ತಂತ್ರಜ್ಞಾನಗಳ ಪಟ್ಟಿ) ಸಾಮಾನಿನ ರಫ್ತು ಅನುಮತಿಗೆ ಕಾಯುತ್ತಿದ್ದೇವೆ. ದೇಶದ ಭದ್ರತೆ ಎಂದು ಎಲ್ಲವನ್ನೂ ಮುಚ್ಚಿಡುತ್ತಾರೆಯೇ? — ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಘಟಕ

ಉತ್ತರ: ಅಂತರ ಸಚಿವಾಲಯ ಕಾರ್ಯಗುಂಪಿನಲ್ಲಿ ಯಾವ ಸಚಿವಾಲಯ ಏನು ಹೇಳಿತು ಎಂಬುದನ್ನು 8(1)(ಎ) ಅಡಿ ತಡೆಹಿಡಿಯುವ ಸಾಧ್ಯತೆಯೇ ಹೆಚ್ಚು. ಅದನ್ನು ಕೇಳುವುದರಲ್ಲಿ ಫಲವಿಲ್ಲ. ಅರ್ಜಿ ಯಾವ ದಿನ ಸದಸ್ಯರಿಗೆ ಹಂಚಿಕೆಯಾಯಿತು, ಯಾವ ಸಭೆಗಳ ಕಾರ್ಯಸೂಚಿಯಲ್ಲಿತ್ತು, ನಿಮ್ಮಿಂದ ಯಾವುದಾದರೂ ದಾಖಲೆ ಬಾಕಿ ಎಂದು ನಮೂದಾಗಿದೆಯೇ, ಇಷ್ಟನ್ನು ಕೇಳಿ. ಇಲ್ಲಿ ಕಡತ ನಿಲ್ಲುವುದು ಬಹುಪಾಲು ಅಂತಿಮ ಬಳಕೆದಾರರ ಪ್ರಮಾಣಪತ್ರದಿಂದ. ಖರೀದಿ ಆದೇಶದಲ್ಲಿರುವ ಹೆಸರು, ವಿಳಾಸ, ಪ್ರಮಾಣ ಮತ್ತು ಪ್ರಮಾಣಪತ್ರದಲ್ಲಿರುವುದು ಅಕ್ಷರಶಃ ಒಂದೇ ಆಗಿರಬೇಕು. ಸರಕು ನಡುವೆ ಇನ್ನೊಬ್ಬರ ಕೈಗೆ ಹೋಗುವುದಾದರೆ ಆ ಕೊಂಡಿಯನ್ನೂ ದಾಖಲೆಯಲ್ಲಿ ತೋರಿಸಬೇಕು.

ಪ್ರಶ್ನೆ: ಕಂಟೇನರ್ ಬಂದು ನಿಂತಿದೆ, ಆಮದು ಪರವಾನಗಿ ಬಂದಿಲ್ಲ, ದಿನಾ ಬಾಡಿಗೆ ಏರುತ್ತಿದೆ. 48 ಗಂಟೆಯ ಆರ್‌ಟಿಐ ಹಾಕಬಹುದೇ? — ಬೈಕಂಪಾಡಿಯ ಓದುಗರು

ಉತ್ತರ: ಆಗದು. 48 ಗಂಟೆಯ ಗಡುವು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಕ್ಕೆ ಮಾತ್ರ. ಬಾಡಿಗೆಯ ನಷ್ಟ ಎಷ್ಟೇ ದೊಡ್ಡದಾದರೂ ಅದರೊಳಗೆ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಖರ್ಚು ತಡೆಯುವ ಕೆಲಸ ಮಾಡಿ. ಕಸ್ಟಮ್ಸ್ ಕಾಯ್ದೆ, 1962ರ ಕಲಂ 49ರ ಅಡಿ, ತೆರವು ಬಾಕಿ ಇರುವ ಸರಕನ್ನು ಗೋದಾಮಿನಲ್ಲಿ 30 ದಿನದವರೆಗೆ ಇಡಲು ಅನುಮತಿ ಕೇಳಬಹುದು. ಕಾರಣ ತೋರಿಸಿದರೆ ಒಂದೊಂದು ಸಲಕ್ಕೆ 30 ದಿನ ಮೀರದಂತೆ ಅವಧಿ ವಿಸ್ತರಣೆಯೂ ಸಾಧ್ಯ. ಕಂಟೇನರ್ ಖಾಲಿಯಾದರೆ ಹಡಗು ಕಂಪನಿಯ ಡಿಟೆನ್ಷನ್ ಶುಲ್ಕ (ಕಂಟೇನರ್ ಹಿಂದಿರುಗಿಸಲು ತಡವಾದರೆ ಹಾಕುವ ಹಣ) ನಿಲ್ಲುತ್ತದೆ. ಅದರ ಜೊತೆಗೆ ಪರವಾನಗಿ ಕಚೇರಿಗೆ, ಸರಕು ಬಂದಿರುವ ದಾಖಲೆ ಲಗತ್ತಿಸಿ ತುರ್ತು ಮನವಿ ಕೊಡಿ, ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ. 2024ರ ಆಗಸ್ಟ್‌ನ ಮಾರ್ಗಸೂಚಿಯಂತೆ ದೂರು ವಿಲೇವಾರಿಗೆ 21 ದಿನದ ಮಿತಿ ಇದೆ. ಆರ್‌ಟಿಐಯನ್ನೂ ಇದೇ ವಾರ ಹಾಕಿ. ಈಗ ಸಹಾಯಕ್ಕೆ ಬರದಿದ್ದರೂ, ಮುಂದೆ ವಿಸ್ತರಣೆ ಅಥವಾ ದಂಡ ಮನ್ನಾ ಕೇಳುವಾಗ, ತಡ ನಿಮ್ಮಿಂದ ಆಗಿಲ್ಲವೆಂದು ತೋರಿಸಲು ಆ ದಾಖಲೆಯೇ ಬೇಕು.

ನಿಮ್ಮ ಬಿಲ್ ಆಫ್ ಎಂಟ್ರಿಗೆ, ಅಂದರೆ ಆಮದು ಸರಕಿನ ಘೋಷಣಾ ಪತ್ರಕ್ಕೆ, ಕಸ್ಟಮ್ಸ್ ಪ್ರಶ್ನೆ ಹಾಕಿದ್ದರಿಂದ ಸರಕು ನಿಂತಿದ್ದರೆ ಇನ್ನೊಂದು ವಿಷಯ ಗಮನಿಸಿ. ಸರಕು ಇಳಿದ ಊರಿನವರಲ್ಲದ ಅಧಿಕಾರಿಯೂ ಆನ್‌ಲೈನ್‌ನಲ್ಲೇ ಪರಿಶೀಲಿಸುವ ಮುಖರಹಿತ ಮೌಲ್ಯಮಾಪನ 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಯಲ್ಲಿ ಶುರುವಾಗಿ, ಅದೇ ವರ್ಷದ ಅಕ್ಟೋಬರ್ ಕೊನೆಯ ಹೊತ್ತಿಗೆ ದೇಶಕ್ಕೆಲ್ಲ ಹರಡಿತು. ಹಾಗಾಗಿ ಸರಕು ಪಣಂಬೂರಿನಲ್ಲಿದ್ದರೂ ಪ್ರಶ್ನೆ ಹಾಕಿದ ಅಧಿಕಾರಿ ಬೇರೆ ಊರಿನ ಬಂದರಿನವರಾಗಿರಬಹುದು. ಆರ್‌ಟಿಐಯಲ್ಲಿ ಬಿಲ್ ಆಫ್ ಎಂಟ್ರಿ ಸಂಖ್ಯೆ, ದಿನಾಂಕ, ಬಂದರಿನ ಕೋಡ್ ಬರೆದು, ‘ಮೌಲ್ಯಮಾಪನ ಬೇರೆ ಕಮಿಷನರೇಟಿನಲ್ಲಿ ನಡೆದಿದ್ದರೆ ಕಲಂ 6(3)ರಂತೆ ವರ್ಗಾಯಿಸಿ, ಪ್ರತಿಯನ್ನು ನನಗೂ ಕಳಿಸಿ’ ಎಂದು ಮುಂಚಿತವಾಗಿಯೇ ಸೇರಿಸಿ.

ಪ್ರಶ್ನೆ: 30 ದಿನ ಕಳೆಯಿತು. ಉತ್ತರವೇ ಇಲ್ಲ. ಜ್ಞಾಪನ ಪತ್ರ ಕಳಿಸಲೇ? — ಬೆಳಗಾವಿಯ ಓದುಗರು

ಉತ್ತರ: ಜ್ಞಾಪನ ಬೇಡ, ನೇರ ಮೇಲ್ಮನವಿ. ಉತ್ತರ ಕೊಡದಿರುವುದೂ ನಿರಾಕರಣೆಯೇ ಎಂದು ಕಲಂ 7(2) ಹೇಳುತ್ತದೆ. ಏಪ್ರಿಲ್ 1ರಂದು ಅರ್ಜಿ ತಲುಪಿದ್ದರೆ ಮೇ 1ಕ್ಕೆ ಗಡುವು ಮುಗಿಯಿತು, ಮೊದಲ ಮೇಲ್ಮನವಿಗೆ ಮೇ 31ರವರೆಗೆ ಸಮಯ. ಅಂಚೆ ಕಚೇರಿಯ ಸಹಾಯಕ ಮಾಹಿತಿ ಅಧಿಕಾರಿಯ ಮೂಲಕ ಕೊಟ್ಟಿದ್ದರೆ 5 ದಿನ ಸೇರಿಸಿ ಎಣಿಸಿ. ಜ್ಞಾಪನ ಬರೆಯುತ್ತಾ ಕೂತವರು ಈ ಗಡುವು ತಪ್ಪಿಸಿಕೊಳ್ಳುತ್ತಾರೆ.

ಮೊದಲ ಮೇಲ್ಮನವಿಗೆ ಕೇಂದ್ರದಲ್ಲಿ ಶುಲ್ಕವಿಲ್ಲ. ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಅರ್ಧ ಪುಟದ ಮನವಿ ಸಾಕು: ಅರ್ಜಿ ತಲುಪಿದ ದಿನ, ಪುರಾವೆ, ಉತ್ತರ ಬಾರದಿರುವುದು, ಕಲಂ 7(6)ರಂತೆ ಈಗ ಪ್ರತಿಗಳನ್ನು ಉಚಿತವಾಗಿ ಕೊಡಬೇಕೆಂಬ ಕೋರಿಕೆ. ಹೊಸ ಮಾಹಿತಿಯನ್ನು ಇಲ್ಲಿ ಕೇಳಬೇಡಿ, ಅದೊಂದನ್ನೇ ಹಿಡಿದು ಇಡೀ ಮನವಿಯನ್ನು ತಳ್ಳಿಹಾಕುತ್ತಾರೆ. 30 ದಿನ, ಕಾರಣ ಬರೆದರೆ 45 ದಿನದೊಳಗೆ ತೀರ್ಮಾನವಾಗಬೇಕು. ಪರವಾನಗಿ ಪ್ರಕರಣಗಳಲ್ಲಿ ನಿಜವಾಗಿ ಫಲ ಕೊಡುವ ಹಂತ ಇದು. ಕಡತ ಹಿರಿಯರ ಕಣ್ಣಿಗೆ ಬಿದ್ದ ಮೇಲೆ ಮಾಹಿತಿಗಿಂತ ಮುಂಚೆ ಪರವಾನಗಿಯೇ ಹೊರಟುಬಿಡುವುದುಂಟು.

ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಅರ್ಜಿ, ಉತ್ತರ, ಮೊದಲ ಮೇಲ್ಮನವಿ, ಆದೇಶ ಇವುಗಳ ಪ್ರತಿ ಮತ್ತು ಪುಟ ಸೂಚಿ ಬೇಕು. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಮಾಹಿತಿ ಅಧಿಕಾರಿಗೆ ದಂಡ ಹಾಕಬಹುದು. ಆದರೆ ಅಲ್ಲಿ ಸರದಿ ಉದ್ದ. ನಿಮ್ಮ ಸಾಗಣೆಯ ದಿನವನ್ನು ಆಯೋಗದ ತೀರ್ಪಿಗೆ ಜೋತುಹಾಕಬೇಡಿ.

ಪ್ರಶ್ನೆ: ಆರ್‌ಟಿಐ ಹಾಕಿದರೆ ಅಧಿಕಾರಿ ಸಿಟ್ಟಿಗೆದ್ದು ಅರ್ಜಿಯನ್ನೇ ತಿರಸ್ಕರಿಸಿದರೆ? — ಹೆಸರು ಬೇಡ ಎಂದ ಓದುಗರು

ಉತ್ತರ: ಈ ಭಯ ಸಹಜ. ಬಹಳ ಜನ ಇದೇ ಕಾರಣಕ್ಕೆ ಕೈಕಟ್ಟಿ ಕೂರುತ್ತಾರೆ. ಕಾನೂನು ಇಲ್ಲಿ ನಿಮ್ಮ ಪರವಾಗಿಯೇ ಇದೆ. ವಿದೇಶ ವ್ಯಾಪಾರ ಕಾಯ್ದೆ, 1992ರ ಕಲಂ 9ರ ಪ್ರಕಾರ ಪರವಾನಗಿ ನಿರಾಕರಿಸಬೇಕಾದರೆ ಕಾರಣಗಳನ್ನು ಬರೆದಿಡಬೇಕು. ನಿರಾಕರಣೆಯ ಆದೇಶ ಕೈಸೇರಿದ 45 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಕಾರಣವಿದ್ದರೆ ಮತ್ತೆ 30 ದಿನ ಸಿಗುತ್ತದೆ. ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಪ್ರಕಾರವೂ ಕಚೇರಿಯ ಕರ್ತವ್ಯ. ಸುಮ್ಮನೆ ಕೂತ ಕಡತಕ್ಕೆ ಮೇಲ್ಮನವಿಯ ದಾರಿ ಇಲ್ಲ, ಬರೆದ ತಿರಸ್ಕಾರಕ್ಕೆ ಇದೆ.

ಆದರೂ ಕ್ರಮ ತಪ್ಪಬೇಡಿ. ಮೊದಲು ಒಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, 15 ದಿನ ಕಾಯಿರಿ, ಆಮೇಲೆ ಆರ್‌ಟಿಐ. ಅರ್ಜಿಯಲ್ಲಿ ಆರೋಪದ ಒಂದು ಪದವೂ ಇರಬಾರದು, ಅಧಿಕಾರಿಯ ಹೆಸರೂ ಬೇಡ. ನಿಮ್ಮ ಅರ್ಜಿಯಲ್ಲೇ ನ್ಯೂನತೆ ಇದೆಯೆಂದು ನಿಮಗೆ ಗೊತ್ತಿದ್ದರೆ ಅದನ್ನು ಸರಿಪಡಿಸುವವರೆಗೆ ಆರ್‌ಟಿಐ ಮುಟ್ಟಬೇಡಿ.

ಪ್ರಶ್ನೆ: ಟಿಪ್ಪಣಿ ಹಾಳೆಗಳು ಕೈಗೆ ಬಂದಿವೆ, 34 ಪುಟ. ಈಗ ಏನು ಮಾಡಲಿ? — ತುಮಕೂರಿನ ಓದುಗರು

ಉತ್ತರ: ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಮಾತ್ರ ಬರೆದುಕೊಳ್ಳಿ. ಒಂದು ಟಿಪ್ಪಣಿಯಿಂದ ಮುಂದಿನದಕ್ಕೆ ಎಷ್ಟು ದಿನದ ಅಂತರವಿದೆ ನೋಡಿ. ಅತಿ ದೊಡ್ಡ ಅಂತರ ಯಾವ ಹುದ್ದೆಯ ಮುಂದೆ ಬಿದ್ದಿದೆಯೋ ಅಲ್ಲಿ ಗೆರೆ ಎಳೆಯಿರಿ. ಪುಟ ಸಂಖ್ಯೆ ಜಿಗಿದಿದ್ದರೆ ಹಾಳೆ ಕೊಟ್ಟಿಲ್ಲವೆಂದು ಅರ್ಥ. ಅದಕ್ಕೆ ಕಡತ ಪರಿಶೀಲನೆ ಕೇಳಿ. ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. ಇ–ಆಫೀಸ್ ಕಡತವಾದರೆ ಪರದೆಯ ಮೇಲೆ ತೋರಿಸುತ್ತಾರೆ, ಬೇಕಾದ ಪುಟಗಳ ಸಂಖ್ಯೆ ಬರೆದುಕೊಟ್ಟು ಮುದ್ರಿತ ಪ್ರತಿ ಪಡೆಯಿರಿ.

ಮುಂದಿನ ಹೆಜ್ಜೆ ಟಿಪ್ಪಣಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ನಿಮ್ಮಿಂದ ದಾಖಲೆ ಬರಬೇಕೆಂದು ಬರೆದು, ಪತ್ರ ಮಾತ್ರ ಕಳಿಸಿಲ್ಲವಾದರೆ, ಆ ಪುಟದ ಪ್ರತಿಯೊಂದಿಗೆ ದಾಖಲೆಯನ್ನು ಇಂದೇ ಸಲ್ಲಿಸಿ. ಅರ್ಧದಷ್ಟು ಪ್ರಕರಣಗಳಿಗೆ ಇದೇ ಮದ್ದು ಎನ್ನಲು ಅಡ್ಡಿಯಿಲ್ಲ. ಬೇರೆ ಇಲಾಖೆಯ ಅಭಿಪ್ರಾಯಕ್ಕೆ ಕಾಯುತ್ತಿದ್ದರೆ, ಆ ಇಲಾಖೆಗೆ ಪತ್ರದ ಸಂಖ್ಯೆ, ದಿನಾಂಕ ಹೆಸರಿಸಿ ಮನವಿ ಕೊಡಿ, ಅಲ್ಲಿಗೇ ಇನ್ನೊಂದು ಆರ್‌ಟಿಐ ಹಾಕಿ. ನೀತಿಯ ಯಾವುದೋ ಷರತ್ತನ್ನು ನೀವು ಪೂರೈಸಲಾಗದೆ ನಿಂತಿದ್ದು, ಅದರಿಂದ ನಿಜವಾದ ತೊಂದರೆ ಆಗುತ್ತಿದ್ದರೆ, ಡಿಜಿಎಫ್‌ಟಿಯ ನೀತಿ ಸಡಿಲಿಕೆ ಸಮಿತಿಗೆ ಅರ್ಜಿ ಹಾಕುವ ದಾರಿ ಇದೆ. ಯಾವ ಕಾರಣವೂ ಇಲ್ಲದೆ ಕಡತ ತಿಂಗಳುಗಟ್ಟಲೆ ಮಲಗಿದ್ದರೆ, ಆ ದಿನಾಂಕಗಳ ಹಾಳೆ, ಕಾಲಮಿತಿಯ ಸುತ್ತೋಲೆ, ನಿಮ್ಮ ಮನವಿಯ ಸ್ವೀಕೃತಿ ಇವಿಷ್ಟನ್ನು ಹಿಡಿದು ವಕೀಲರ ಬಳಿ ಹೋಗಿ. ಗೊತ್ತಾದ ಅವಧಿಯೊಳಗೆ ಅರ್ಜಿ ತೀರ್ಮಾನಿಸುವಂತೆ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿನಿಂದ ನಿರ್ದೇಶನ ಕೋರಬಹುದು. ದೃಢೀಕೃತ ಪ್ರತಿಗಳನ್ನೇ ಕೇಳಬೇಕೆಂದು ಮೊದಲಿಂದ ಹೇಳುತ್ತಿರುವುದು ಈ ಹಂತ ಬಂದರೂ ಬರಬಹುದೆಂದೇ. ಮುದ್ರೆ, ಸಹಿ ಇಲ್ಲದ ಪುಟಗಳಿದ್ದರೆ ಈಗಲೇ ವಾಪಸು ಕಳಿಸಿ ದೃಢೀಕರಿಸಿಕೊಳ್ಳಿ.